ನಾವೆ ನೀರಿನಲ್ಲಿ, ನಾವಿಕ ದಡದಲ್ಲಿ

ನೀರು ಹೇರಳವಾಗಿರುವ ನಾಡಿನ ಜನರಿಗೆ ನೀರು ಒಂದು ವಿಚಾರವಾಗಿ ತೋರುವುದು ಅಪರೂಪ. ಅದನ್ನು ಕುರಿತು ಆಳವಾಗಿ ಯೋಚಿಸಿದವರು ಬರದ ಸೀಮೆಯವರು. ವಿಜಯಪುರದ ಪಶ್ಚಿಮಕ್ಕೆ ಸುಮಾರು ಐದು ಮೈಲಿಗಳ ಅಂತರದಲ್ಲಿರುವ ತೊರವಿ ಈ ಮಾತಿಗೆ ಒಳ್ಳೆಯ ಸಾಕ್ಷಿ. ಹದಿನಾರನೆಯ ಶತಮಾನದಲ್ಲಿ, ಒಂದನೆಯ ಅಲಿ ಆದಿಲಶಾಹನ ಆಳಿಕೆಯಲ್ಲಿ, ಇಲ್ಲಿಯ ನೀರನ್ನು ನೆಲದೊಳಗಿನ ಸುರಂಗದ ಮೂಲಕ ರಾಜಧಾನಿಗೆ ಹರಿಸಿದರು. ಗಾಳಿಯಾಡಲೆಂದೂ ಹೂಳು ತೆಗೆಯಲೆಂದೂ ಆ ಸುರಂಗಕ್ಕೆ ಅಲ್ಲಲ್ಲಿ ಬಾವಿಯಂತಹ ಕಂಡಿಗಳನ್ನು ತೋಡಿದ್ದರು. 1599ರಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನು ತೊರವಿಯ ಮಗ್ಗುಲಲ್ಲೇ ನವರಸಪುರವೆಂಬ ಹೊಸ ನಗರವನ್ನು ಕಟ್ಟಿಸತೊಡಗಿದನು. 1624ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು. ಗೋಳಗುಮ್ಮಟದ ಒಡೆಯನಾದ ಮಹಮ್ಮದ್ ಆದಿಲಶಾಹನ ಕಾಲದಲ್ಲಿ, 1651ರಲ್ಲಿ, ಬೇಗಂ ತಾಲಾಬಿನಿಂದ ಮಣ್ಣಿನ ಕೊಳವೆಗಳ ಮೂಲಕ ಊರಿಗೆ ನೀರು ಬಂದಿತು. ಕೊಳವೆಗಳು ಒಡೆಯದಂತೆ ನೀರಿನ ಒತ್ತಡವನ್ನು ತಗ್ಗಿಸಲು ಕಟ್ಟಿದ ಗಂಜ್ ಎಂಬ ಗೋಪುರಗಳಲ್ಲಿ ಕೆಲವು ಇಂದಿಗೂ ನಿಂತಿವೆ.

ಇಂತಹ ನೆಲದಲ್ಲಿ ನಿಂತು ಪಂದ್ಯದ ದೋಣಿಯೊಂದರ ಮಾತನ್ನೆತ್ತಿದರೆ ಓದುಗರು ನಕ್ಕಾರು. ಅದೂ ಮನುಷ್ಯನು ಏರುವ ದೋಣಿಯಲ್ಲ. ಮೊಳದುದ್ದದ ಆಟದ ದೋಣಿ. ಎರಡು ಒಡಲುಗಳುಳ್ಳದ್ದು, ಬ್ಯಾಟರಿಯ ಬಲದಿಂದ ಓಡುವಂಥದ್ದು, ದಡದಲ್ಲಿ ನಿಂತವನ ಕೈಯ ರೇಡಿಯೋ ಪೆಟ್ಟಿಗೆಯ ಅಪ್ಪಣೆಯನ್ನು ಪಾಲಿಸುವಂಥದ್ದು. ಆದರೆ ಈ ಆಟಿಗೆಯೊಳಗೆ ನೀರು, ಗಾಳಿ, ವಿದ್ಯುತ್ತುಗಳ ಶಾಸ್ತ್ರವೆಷ್ಟು ಅಡಗಿದೆಯೆಂಬುದನ್ನು ನೋಡಿದರೆ, ಗಂಜ್ ಗೋಪುರಗಳನ್ನು ಕಟ್ಟಿದವರ ಊರಿಗೆ ಇದು ಪರಕೀಯವಾದ ವಿದ್ಯೆಯೆನಿಸದು.

ಕಾಣದ ಕೈಯ ಅಪ್ಪಣೆ

ತೊರವೆಯ ನರಸಿಂಹನ ಸನ್ನಿಧಿಯಲ್ಲಿ ಭಾಮಿನೀ ಷಟ್ಪದಿಯ ರಾಮಾಯಣವನ್ನು ರಚಿಸಿದ ಕುಮಾರ ವಾಲ್ಮೀಕಿಯ ಹೆಸರನ್ನು ಕನ್ನಡಿಗರೆಲ್ಲರೂ ಬಲ್ಲರು. ರಾಮಕಥೆಯಲ್ಲಿ ಎರಡು ವಾಹನಗಳು ನೆನಪಿನಲ್ಲಿ ನಿಲ್ಲುತ್ತವೆ. ಒಂದು ಗುಹನ ನಾವೆ. ಅಂಬಿಗರ ತೋಳಿನ ಬಲದಿಂದ ಗಂಗೆಯನ್ನು ದಾಟಿದ್ದು. ಇನ್ನೊಂದು ಪುಷ್ಪಕ; ಒಡೆಯನ ಇಚ್ಛೆಯನ್ನರಿತು ತಾನೇ ನಡೆಯುವಂಥದ್ದು. ವಾಹನಕ್ಕೂ ಅದನ್ನು ನಡೆಸುವ ಕೈಗೂ ನಡುವೆ ಕಾಣುವ ನಂಟೇನೂ ಇಲ್ಲದಿರಬೇಕೆಂಬ ಆಸೆ ಮನುಷ್ಯನಲ್ಲಿ ಬಹು ಹಿಂದಿನದು. ಅದು ಕೈಗೂಡಿದ್ದು ಮಾತ್ರ ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ.

1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ವಿದ್ಯುದಯಸ್ಕಾಂತ ಅಲೆಗಳನ್ನು ಗೋಡೆಯಾಚೆಗೆ ಕಳುಹಿಸಿ ಗಂಟೆ ಬಾರಿಸಿ, ಮದ್ದಿನ ಪುಡಿ ಸಿಡಿಯುವಂತೆ ಮಾಡಿ ತೋರಿಸಿದರು. ಮೂರು ವರ್ಷಗಳ ತರುವಾಯ, 1898ರಲ್ಲಿ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನಡೆದ ವಿದ್ಯುತ್ ಪ್ರದರ್ಶನದಲ್ಲಿ ನಿಕೊಲಾ ಟೆಸ್ಲಾ ಒಂದು ಸಣ್ಣ ದೋಣಿಯನ್ನು ನೀರಿನ ತೊಟ್ಟಿಯಲ್ಲಿ ಬಿಟ್ಟನು. ಅದು ಬ್ಯಾಟರಿಯಿಂದ ಓಡಿತು, ತಂತಿಯಿಲ್ಲದೆ ತಿರುಗಿತು, ದೀಪಗಳನ್ನು ಮಿಣುಕಿಸಿತು. ನೋಡಿದವರಲ್ಲಿ ಕೆಲವರು ಅದನ್ನು ಮಾಟವೆಂದರಂತೆ. ಒಳಗೆ ಪಳಗಿದ ಕೋತಿಯೊಂದು ಕುಳಿತಿರಬೇಕೆಂದು ಮತ್ತೆ ಕೆಲವರು ಊಹಿಸಿದರಂತೆ. ಆ ವರ್ಷದ ನವೆಂಬರ್ 8ರಂದು ಟೆಸ್ಲಾನಿಗೆ ಅದರ ಹಕ್ಕುಪತ್ರ ದೊರೆಯಿತು. ಇಂದಿನ ಆಟದ ದೋಣಿಗಳಿಂದ ಮೊದಲುಗೊಂಡು ಚಾಲಕನಿಲ್ಲದ ವಿಮಾನಗಳವರೆಗೆ ಎಲ್ಲವೂ ಆ ತೊಟ್ಟಿಯಿಂದ ಹೊರಟ ಸಂತತಿ.

ದೋಣಿಗೆ ವಿದ್ಯುತ್ತಿನ ಮೋಟಾರನ್ನು ಜೋಡಿಸುವ ಯೋಚನೆ ಇದಕ್ಕೂ ಹಳೆಯದು. 1838ರಲ್ಲಿಯೇ ಮೊರಿಟ್ಸ್ ಯಾಕೋಬಿ ಎಂಬ ವಿಜ್ಞಾನಿ ಪೀಟರ್ಸ್‌ಬರ್ಗಿನ ನೇವಾ ನದಿಯಲ್ಲಿ ಹತ್ತಕ್ಕೂ ಹೆಚ್ಚು ಜನರನ್ನು ಕೂರಿಸಿಕೊಂಡು ವಿದ್ಯುತ್ ದೋಣಿಯನ್ನು ನಡೆಸಿದ್ದನು. ಅಂದಿನ ಬ್ಯಾಟರಿಗಳು ಭಾರವಾಗಿದ್ದವು, ಬಲಹೀನವಾಗಿದ್ದವು. ಆದ್ದರಿಂದ ಆ ಪ್ರಯೋಗ ಬಹುಕಾಲ ಮುಂದುವರಿಯದೆ ನಿಂತಿತು.

ಕಟ್ಟಿದ ಮರ

ಎರಡು ಒಡಲಿನ ದೋಣಿಗೆ ಲೋಕವೆಲ್ಲ ಇಂದು ‘ಕೆಟಮರಾನ್’ ಎಂಬ ಹೆಸರಿಟ್ಟಿದೆ. ಈ ಪದದ ಅರ್ಥವನ್ನು ಕನ್ನಡಿಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದು ತಮಿಳಿನ ‘ಕಟ್ಟುಮರಂ’. ಕಟ್ಟು ನಮ್ಮದೂ ಹೌದು, ಮರ ನಮ್ಮದೂ ಹೌದು. ಚೋಳಮಂಡಲ ಕರಾವಳಿಯ ಬೆಸ್ತರು ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಅಲೆಗಳ ಮೇಲೆ ನಡೆಸುತ್ತಿದ್ದ ತೆಪ್ಪಕ್ಕೆ ಆ ಹೆಸರಿತ್ತು. ಹದಿನೇಳನೆಯ ಶತಮಾನದಲ್ಲಿ ಐರೋಪ್ಯರು ಪದವನ್ನು ಎತ್ತಿಕೊಂಡು ಹೋದರು. ಹೋದ ಮೇಲೆ ಅದನ್ನು ಶಾಂತಸಾಗರದ ದ್ವೀಪವಾಸಿಗಳ ಜೋಡುದೋಣಿಗೆ ಅಂಟಿಸಿದರು. ಹೀಗೆ ವಸ್ತು ಒಂದು ಕಡಲಿನದು, ಹೆಸರು ಇನ್ನೊಂದು ಕಡಲಿನದು ಆಯಿತು.

ಪಶ್ಚಿಮದವರು ಜೋಡುದೋಣಿಯನ್ನು ಸುಲಭವಾಗಿ ಒಪ್ಪಲಿಲ್ಲ. ಇಂಗ್ಲೆಂಡಿನ ವಿಲಿಯಂ ಪೆಟ್ಟಿ 1662ರ ಸುಮಾರಿಗೆ ಅಂತಹ ಹಡಗುಗಳನ್ನು ಮಾಡಿಸಿ ನೋಡಿದನು. ಅವು ರೂಢಿಗೆ ಬರಲಿಲ್ಲ. 1876ರಲ್ಲಿ ನಥಾನಿಯಲ್ ಹೆರೆಷಾಫ್ ಎಂಬ ಅಮೆರಿಕದ ಶಿಲ್ಪಿ ‘ಅಮರಿಲ್ಲಿಸ್’ ಎಂಬ ಜೋಡುಹಾಯಿಯನ್ನು ನ್ಯೂಯಾರ್ಕಿನ ಪಂದ್ಯಕ್ಕೆ ತಂದು ಎಲ್ಲರನ್ನೂ ಹಿಂದಿಕ್ಕಿದನು. ಸೋತವರು ತಕರಾರು ಹೂಡಿ ಆ ಬಗೆಯ ದೋಣಿಯನ್ನು ಪಂದ್ಯಗಳಿಂದಲೇ ಹೊರಗಿರಿಸಿದರು. ಗೆದ್ದವನ ವೇಗಕ್ಕೆ ಉತ್ತರವಿಲ್ಲದಾಗ ನಿಯಮಕ್ಕೆ ಮೊರೆಹೋಗುವುದು ಎಲ್ಲ ದೇಶಗಳಲ್ಲೂ ಕಂಡುಬರುವ ರೀತಿಯೇ.

ನಮ್ಮ ಕೃಷ್ಣೆ, ತುಂಗಭದ್ರೆಯರ ಹರಿಗೋಲು ಇದಕ್ಕೆ ನೇರ ಎದುರಾದ ವಾಹನ. ಬಿದಿರಿನ ಬುಟ್ಟಿಗೆ ಚರ್ಮವನ್ನು ಹೊದಿಸಿದ ಆ ದುಂಡು ನಾವೆಗೆ ಮುಖವೂ ಇಲ್ಲ, ಬೆನ್ನೂ ಇಲ್ಲ. ತೆಳುವಾದ ನೀರಿನಲ್ಲಿ ಕಲ್ಲುಗಳ ಮೇಲೆ ಅದು ತೇಲುತ್ತದೆ. ವೇಗವನ್ನು ಮಾತ್ರ ಬಯಸುವುದಿಲ್ಲ. ವೇಗ ಬೇಕೆಂದರೆ ಒಡಲು ನೀಳವಾಗಬೇಕು, ಕಿರಿದಾಗಬೇಕು. ಒಂದೇ ಒಡಲು ಹಾಗೆ ಕಿರಿದಾದರೆ ಮಗ್ಗುಲಿಗೆ ಉರುಳುತ್ತದೆ. ಎರಡು ಕಿರಿದಾದ ಒಡಲುಗಳನ್ನು ದೂರ ದೂರ ಇರಿಸಿ ಕಟ್ಟಿದರೆ ಕಿರಿತನವೂ ಉಳಿಯುತ್ತದೆ, ನಿಲುವೂ ಸಿಗುತ್ತದೆ. ಬೆನ್ನಿಗೆ ಎರಡು ಸೋರೆಬುರುಡೆಗಳನ್ನು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರಿಗೆ ಈ ತತ್ತ್ವ ಮೈಯಿಂದಲೇ ತಿಳಿದಿರುತ್ತದೆ.

ಅಲೆಯ ಸೆರೆ

ಪಂದ್ಯದ ದೋಣಿಯನ್ನು ಕಟ್ಟುವವನು ಮೊದಲು ಎದುರಿಸಬೇಕಾದದ್ದು ಅದೇ ದೋಣಿ ಎಬ್ಬಿಸುವ ಅಲೆಯನ್ನು. ನೀರನ್ನು ಸೀಳಿ ಹೋಗುವ ಯಾವುದೇ ಒಡಲು ತನ್ನ ಮೂಗಿನ ಬಳಿ ಒಂದು ಅಲೆಯನ್ನು ಎಬ್ಬಿಸುತ್ತದೆ. ವೇಗ ಏರಿದಂತೆ ಅಲೆಯ ಉದ್ದವೂ ಏರುತ್ತದೆ. ಅಲೆಯುದ್ದವು ದೋಣಿಯುದ್ದಕ್ಕೆ ಸಮನಾದಾಗ ದೋಣಿಯು ತಾನೇ ಮಾಡಿದ ತಗ್ಗಿನಲ್ಲಿ ಕುಳಿತು, ತಾನೇ ಮಾಡಿದ ದಿಬ್ಬವನ್ನು ಏರಲು ಹೆಣಗುತ್ತದೆ. 80 ಸೆಂಟಿಮೀಟರು ಉದ್ದದ ಒಡಲಿಗೆ ಲೆಕ್ಕ ಹಾಕಿದರೆ ಈ ಮೇರೆ ಸೆಕೆಂಡಿಗೆ 1.1 ಮೀಟರು, ಎಂದರೆ ಗಂಟೆಗೆ ಸುಮಾರು 4 ಕಿಲೋಮೀಟರು. ಅದು ದಂಡೆಯ ಮೇಲೆ ನಿಧಾನವಾಗಿ ನಡೆಯುವ ಮನುಷ್ಯನ ವೇಗ!

ಈ ಸೆರೆಯಿಂದ ಬಿಡುಗಡೆಯ ದಾರಿಗಳು ಎರಡು. ಒಡಲನ್ನು ಬಹಳ ಸಪೂರ ಮಾಡಿದರೆ ಅಲೆಯೇ ಸಣ್ಣದಾಗುತ್ತದೆ. ಜನರನ್ನು ಸಾಗಿಸುವ ಜೋಡುದೋಣಿಗಳು ಹಿಡಿದ ದಾರಿ ಇದು. ಎರಡನೆಯದು ಪಂದ್ಯದ ದಾರಿ: ಒಡಲಿನ ತಳವನ್ನು ಚಪ್ಪಟೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಮಾಡಿ, ಸಾಕಷ್ಟು ಬಲವನ್ನು ಕೊಟ್ಟರೆ ದೋಣಿ ನೀರನ್ನು ಸೀಳುವುದನ್ನು ಬಿಟ್ಟು ನೀರಿನ ಮೇಲೆಯೇ ಏರಿ ಜಾರುತ್ತದೆ. ಹುಡುಗರು ಕೆರೆಯಲ್ಲಿ ಎಸೆದ ಬಿಲ್ಲೆಗಲ್ಲು ಜಿಗಿಜಿಗಿದು ಹೋಗುವ ನ್ಯಾಯವೇ ಇಲ್ಲಿಯೂ.

ತೂಕದ ಲೆಕ್ಕ, ಬಲದ ಲೆಕ್ಕ

ಒಡಲನ್ನು ತೆಳು ಪ್ಲೈವುಡ್ಡಿನಲ್ಲಿಯೋ, ಅಚ್ಚಿನ ಮೇಲೆ ಹಾಸಿದ ಗಾಜಿನ ನಾರಿನ ಬಟ್ಟೆಗೆ ಎಪಾಕ್ಸಿ ಅಂಟನ್ನು ಉಣಿಸಿಯೋ ಮಾಡುತ್ತಾರೆ. ಅಂಟು ಹೆಚ್ಚಾದರೆ ಬಲ ಹೆಚ್ಚುವುದಿಲ್ಲ, ತೂಕ ಮಾತ್ರ ಹೆಚ್ಚುತ್ತದೆ. ಬಟ್ಟೆ ನೆನೆಯುವಷ್ಟು ಹಾಕಿ ಉಳಿದದ್ದನ್ನು ಒತ್ತಿ ತೆಗೆಯಬೇಕು. ಪೂರ್ತಿ ದೋಣಿ ಎರಡೂವರೆ ಕಿಲೋಗ್ರಾಮು ತೂಗಿದರೆ, ನಿಂತ ನೀರಿನಲ್ಲಿ ಅದು ಎರಡೂವರೆ ಲೀಟರು ನೀರನ್ನು ಪಕ್ಕಕ್ಕೆ ಸರಿಸಿ ತೇಲುತ್ತದೆ. ಒಂದೊಂದು ಒಡಲಿಗೆ ಒಂದೂಕಾಲು ಲೀಟರು. ಆರ್ಕಿಮಿಡೀಸನ ಸೂತ್ರವನ್ನು ತರಗತಿಯಲ್ಲಿ ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಅದರ ಅರ್ಥ ತಕ್ಕಡಿಯನ್ನೂ ನೀರಿನ ಬಾನಿಯನ್ನೂ ಎದುರಿಗಿಟ್ಟುಕೊಂಡಾಗ ಹೊಳೆಯುತ್ತದೆ.

ತೂಕ ಎಷ್ಟೆಂಬುದರಂತೆಯೇ ಎಲ್ಲಿ ಎಂಬುದೂ ಮುಖ್ಯ. ಇಂತಹ ದೋಣಿಯ ತೂಕದ ನಡುವು ಹಿಂಬದಿಯಿಂದ ಉದ್ದದ ನೂರಕ್ಕೆ ಮೂವತ್ತರಷ್ಟು ಮುಂದೆ ಇರಬೇಕೆಂಬುದು ಕಟ್ಟುಗರ ಅನುಭವ. 80 ಸೆಂಟಿಮೀಟರಿನ ದೋಣಿಗೆ 24 ಸೆಂಟಿಮೀಟರು. ತೂಕ ಮುಂದೆ ಸರಿದರೆ ಮೂಗು ನೀರನ್ನು ಉಳುತ್ತದೆ. ಹಿಂದೆ ಸರಿದರೆ ಮೂಗು ಆಕಾಶವನ್ನು ನೋಡುತ್ತದೆ. ಬ್ಯಾಟರಿಯನ್ನು ಒಂದೆರಡು ಬೆರಳಷ್ಟು ಅತ್ತಿತ್ತ ಸರಿಸಿ ಈ ಹದವನ್ನು ಕಂಡುಕೊಳ್ಳಬೇಕು.

ಬಲದ ವಿಷಯ ಹೀಗಿದೆ. ಇಂದಿನ ಮೋಟಾರುಗಳಲ್ಲಿ ಕುಂಚಗಳಿಲ್ಲ. ವೇಗನಿಯಂತ್ರಕವೆಂಬ ಸಣ್ಣ ಪೆಟ್ಟಿಗೆ ಬ್ಯಾಟರಿಯ ಏಕಮುಖ ವಿದ್ಯುತ್ತನ್ನು ಮೂರು ತಂತಿಗಳಿಗೆ ಸರದಿಯಂತೆ ಹಂಚಿ ಅಯಸ್ಕಾಂತವನ್ನು ತಿರುಗಿಸುತ್ತದೆ. ಒಂದು ವೋಲ್ಟಿಗೆ ನಿಮಿಷಕ್ಕೆ 2000 ಸುತ್ತು ತಿರುಗುವ ಮೋಟಾರಿಗೆ 14.8 ವೋಲ್ಟಿನ ಬ್ಯಾಟರಿಯನ್ನು ಜೋಡಿಸಿದರೆ ಹೊರೆಯಿಲ್ಲದಾಗ 29,600 ಸುತ್ತು. ನೀರಿನ ಹೊರೆ ಬಿದ್ದಾಗ ಐದನೆಯ ಒಂದು ಪಾಲು ಕಳೆಯಿರಿ. ಸುಮಾರು 23,700 ಉಳಿಯಿತು. ಒಂದು ಸುತ್ತಿಗೆ 56 ಮಿಲಿಮೀಟರು ಮುಂದೆ ತಳ್ಳುವ ಪ್ರೊಪೆಲ್ಲರು ಇದ್ದರೆ ಕಾಗದದ ಮೇಲಿನ ವೇಗ ಗಂಟೆಗೆ 80 ಕಿಲೋಮೀಟರಿನ ಹತ್ತಿರ. ನೀರು ಜಾರುವ ನಷ್ಟವನ್ನೂ ಕಳೆದ ಮೇಲೆ 60 ಕಿಲೋಮೀಟರು ನಿಂತರೂ ಅದು ಸಾಮಾನ್ಯವಲ್ಲ. ಪ್ರೊಪೆಲ್ಲರು ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ ತಿರುಗುವಂತೆ ಅದನ್ನು ಒಡಲಿನ ಹಿಂದೆ ಮೇಲ್ಮಟ್ಟದಲ್ಲಿ ಇಡುತ್ತಾರೆ. ದಂಡವೂ ಅದರ ಆಸರೆಯೂ ನೀರನ್ನು ಎಳೆಯದಿರಲೆಂದು ಈ ಉಪಾಯ. ಮೋಟಾರು ಕಾಯದಂತೆ ದೋಣಿ ಓಡುವಾಗಲೇ ಕೆರೆಯ ನೀರು ಸಣ್ಣ ಕೊಳವೆಯಿಂದ ಒಳನುಗ್ಗಿ, ಮೋಟಾರಿನ ಸುತ್ತಣ ಅಂಗಿಯನ್ನು ಬಳಸಿ, ಪಕ್ಕದ ರಂಧ್ರದಿಂದ ಚಿಮ್ಮುತ್ತದೆ. ಆ ಚಿಮ್ಮುವ ಎಳೆ ನಿಂತಿತೆಂದರೆ ಕಸ ಸಿಕ್ಕಿದೆಯೆಂದು ದಡದವನು ತಿಳಿಯಬೇಕು.

ಇಷ್ಟಕ್ಕೆಲ್ಲ ಆಧಾರವಾದ ಲಿಥಿಯಂ ಬ್ಯಾಟರಿಯನ್ನು ಸ್ವಲ್ಪ ಗಮನಿಸೋಣ. 14.8 ವೋಲ್ಟು, 5 ಆಂಪಿಯರ್-ಗಂಟೆಯ ಆ ಕಟ್ಟು ಅಂಗೈಯಷ್ಟು ಅಗಲದ್ದು. 80 ಆಂಪಿಯರಿನಂತೆ ಎಳೆದರೆ ಅದರ ಐದರಲ್ಲಿ ನಾಲ್ಕು ಪಾಲು ಮೂರೇ ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ಅದರಲ್ಲಿ ತುಂಬಿರುವ 74 ವಾಟ್-ಗಂಟೆಯ ಶಕ್ತಿಯನ್ನು ನಷ್ಟವಿಲ್ಲದೆ ಬಳಸಲು ಬಂದರೆ ಸಾವಿರ ಲೀಟರು ನೀರನ್ನು 27 ಮೀಟರು ಮೇಲಕ್ಕೆ ಎತ್ತಬಹುದು. ಕೃಷ್ಣೆಯ ನೀರನ್ನು ಏತದಿಂದ ಎತ್ತಿ ತಂದು ಕೆರೆ ತುಂಬಿಸಬೇಕಾದ ಜಿಲ್ಲೆಯವರಿಗೆ ಈ ಅಂಕೆಯ ಬೆಲೆ ಬೇರೆಯವರಿಗಿಂತ ಹೆಚ್ಚಾಗಿ ತಿಳಿದೀತು. ಇಷ್ಟು ಶಕ್ತಿ ಇಷ್ಟು ಸಣ್ಣ ಕಟ್ಟಿನಲ್ಲಿ ಇರುವುದರಿಂದಲೇ ಅಪಾಯವೂ ಉಂಟು. ಒಂದೊಂದು ಕೋಶವನ್ನು 4.2 ವೋಲ್ಟಿಗಿಂತ ಮೇಲೆ ತುಂಬಬಾರದು, 3 ವೋಲ್ಟಿಗಿಂತ ಕೆಳಗೆ ಬರಿದು ಮಾಡಬಾರದು. ಉಬ್ಬಿದ ಕಟ್ಟನ್ನು ಮತ್ತೆ ಮುಟ್ಟಬಾರದು. ತುಂಬುವಾಗ ಬಿಟ್ಟು ಹೋಗಬಾರದು. ಹೊತ್ತಿಕೊಂಡರೆ ಅದು ಒಲೆಯ ಬೆಂಕಿಯಂತೆ ಆರುವುದಿಲ್ಲ.

ಎಡ ಬಲಗಳ ಒಗಟು

ಪೆಟ್ಟಿಗೆಯಿಂದ ದೋಣಿಗೆ ಹೋಗುವ ಅಪ್ಪಣೆ ಇಂದು ಬಹುತೇಕ 2.4 ಗಿಗಾಹರ್ಟ್ಸಿನ ಅಲೆಗಳಲ್ಲಿ ಸಾಗುತ್ತದೆ. ಸಣ್ಣ ಶಕ್ತಿಯ ಬಳಕೆಗೆ ಭಾರತದಲ್ಲಿ ಇದಕ್ಕೆ ಪ್ರತ್ಯೇಕ ಪರವಾನಗಿ ಬೇಡ. ಅಲೆಯುದ್ದ ಹನ್ನೆರಡೂವರೆ ಸೆಂಟಿಮೀಟರು. ನೀರು ಇದನ್ನು ಹೀರಿಬಿಡುವುದರಿಂದ ಗ್ರಾಹಕದ ತಂತಿ ನೀರಿನ ಮಟ್ಟಕ್ಕಿಂತ ಮೇಲೆ ನೆಟ್ಟಗೆ ನಿಂತಿರಬೇಕು. ದೋಣಿಯೊಳಗೆ ಚುಕ್ಕಾಣಿಯನ್ನು ಹಿಡಿದ ಸರ್ವೋ ಎಂಬ ಸೇವಕನಿಗೆ ಸೆಕೆಂಡಿಗೆ ಐವತ್ತರಂತೆ ವಿದ್ಯುತ್ತಿನ ತುಣುಕುಗಳು ಬರುತ್ತವೆ. ತುಣುಕು ಒಂದೂವರೆ ಮಿಲಿಸೆಕೆಂಡು ಉದ್ದವಿದ್ದರೆ ನೇರ. ಒಂದಕ್ಕೆ ಇಳಿದರೆ ಒಂದು ಕಡೆ, ಎರಡಕ್ಕೆ ಏರಿದರೆ ಇನ್ನೊಂದು ಕಡೆ. ಅಪ್ಪಣೆ ಕಡಿದುಹೋದರೆ ಮೋಟಾರು ತಾನಾಗಿ ನಿಲ್ಲುವಂತೆ ಮೊದಲೇ ಏರ್ಪಡಿಸದೆ ದೋಣಿಯನ್ನು ನೀರಿಗೆ ಬಿಡಬಾರದು.

ಯಂತ್ರ ಇಷ್ಟು ವಿಧೇಯವಾಗಿದ್ದರೂ ಮನಸ್ಸು ತಪ್ಪುತ್ತದೆ. ದೋಣಿ ನಮ್ಮಿಂದ ದೂರ ಹೋಗುವಾಗ ಅದರ ಬಲ ನಮ್ಮ ಬಲ. ನಮ್ಮ ಕಡೆಗೆ ತಿರುಗಿತೆಂದರೆ ಅದರ ಬಲ ನಮ್ಮ ಎಡ. ಹೊಸಬರ ದೋಣಿಗಳಲ್ಲಿ ಹೆಚ್ಚಿನವು ದಂಡೆಗೆ ಬಡಿಯುವುದು ಈ ತಿರುವಿನಲ್ಲೇ. ಅನುಭವಿಗಳ ಉಪದೇಶ ಒಂದೇ: ನೀನು ನಿಂತಿರುವುದು ದಡದಲ್ಲೆಂಬುದನ್ನು ಮರೆ, ದೋಣಿಯೊಳಗೆ ಕುಳಿತಿದ್ದೇನೆಂದು ಭಾವಿಸು. ಎದುರಿನವನ ಕಣ್ಣಿನಿಂದ ಲೋಕವನ್ನು ನೋಡುವ ಈ ಅಭ್ಯಾಸ ನೀರಿನ ಆಚೆಗೂ ಪ್ರಯೋಜನಕ್ಕೆ ಬರುವಂಥದ್ದು.

ಅಮೆರಿಕದ ಪಂದ್ಯಗಳಲ್ಲಿ ದೋಣಿಗಳು ತೇಲುಗುಂಡುಗಳನ್ನು ಬಲಕ್ಕೆ ಇಟ್ಟುಕೊಂಡು, ನಮ್ಮ ಪ್ರದಕ್ಷಿಣೆಯ ದಿಕ್ಕಿನಲ್ಲಿಯೇ ಸುತ್ತುತ್ತವೆ. ಅಲ್ಲಿ ಜೋಡುದೋಣಿಯ ಗುಣವೇ ಅದರ ಶತ್ರುವಾಗುವುದುಂಟು. ಎರಡು ಒಡಲುಗಳ ನಡುವಣ ಸುರಂಗದಲ್ಲಿ ನುಗ್ಗಿದ ಗಾಳಿ ದೋಣಿಯನ್ನು ಮೇಲೆತ್ತಿ ಹಗುರಗೊಳಿಸುತ್ತದೆ, ಇದರಿಂದ ವೇಗ. ವೇಗ ಮಿತಿಮೀರಿ ಮೂಗು ಒಂದಿಷ್ಟು ಮೇಲೆದ್ದಿತೆಂದರೆ ಅದೇ ಗಾಳಿ ದೋಣಿಯನ್ನು ಹಿಂದಕ್ಕೆ ಪಲ್ಟಿ ಹೊಡೆಸುತ್ತದೆ. 1967ರ ಜನವರಿ 4ರಂದು ಇಂಗ್ಲೆಂಡಿನ ಕಾನಿಸ್ಟನ್ ಸರೋವರದಲ್ಲಿ ಡೊನಾಲ್ಡ್ ಕ್ಯಾಂಬೆಲ್ಲನು ‘ಬ್ಲೂಬರ್ಡ್’ ದೋಣಿಯಲ್ಲಿ ಗಂಟೆಗೆ 300 ಮೈಲಿಯನ್ನು ಮೀರಿ ಹೋಗುತ್ತಿದ್ದಾಗ ಮೂಗು ಮೇಲೆದ್ದು ದೋಣಿ ಮಗುಚಿತು, ಆತ ಬದುಕಲಿಲ್ಲ. ಆಟದ ದೋಣಿಯಲ್ಲಿ ಹೋಗುವುದು ಒಂದು ಪ್ರೊಪೆಲ್ಲರು ಮಾತ್ರ. ಒಡಲಿನೊಳಗೆ ಬೆಂಡು ತುಂಬಿದ್ದರೆ ಮಗುಚಿದರೂ ತೇಲುತ್ತದೆ. ನಾವಿಕನು ದಡದಲ್ಲಿ ನಿಂತು ಕಲಿಯುವುದರ ಲಾಭ ಇದು: ಪ್ರಾಣವನ್ನು ಒಡ್ಡದೆ ಪ್ರಕೃತಿಯ ನಿಯಮವನ್ನು ಅದರ ತುದಿಯವರೆಗೂ ಹೋಗಿ ನೋಡಿಬರಬಹುದು.

ಹೂಳಿನ ಲೆಕ್ಕ

ಆಟವು ಆಟವಾಗಿಯೇ ಉಳಿದರೂ ನಷ್ಟವೇನೂ ಇಲ್ಲ. ಆದರೆ ಈ ವಿದ್ಯೆ ಉಪಯೋಗದ ಕಡೆಗೂ ತಿರುಗಿದೆ. 2017ರಲ್ಲಿ ಕೇರಳದ ವೈಕಂ ಕಡವಿನಲ್ಲಿ ಓಡಲಾರಂಭಿಸಿದ ‘ಆದಿತ್ಯ’ ಎಂಬ 75 ಜನರ ಸೌರ ದೋಣಿ ಎರಡು ಒಡಲಿನದು. 2023ರಲ್ಲಿ ಆರಂಭವಾದ ಕೊಚ್ಚಿಯ ಜಲಮೆಟ್ರೋದ ವಿದ್ಯುತ್ ದೋಣಿಗಳೂ ಜೋಡೊಡಲಿನವೇ. ಅವುಗಳಿಗಿಂತ ನಮಗೆ ಹತ್ತಿರವಾದ ಇನ್ನೊಂದು ಉಪಯೋಗ ಉಂಟು. ಅದು ಕೆರೆಗಳ ಆಳವನ್ನು ಅಳೆಯುವುದು.

ಕೆರೆ ಸಾಯುವುದು ಬಿಸಿಲಿನಿಂದಲ್ಲ, ಹೂಳಿನಿಂದ. 1953ರಲ್ಲಿ 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105ಕ್ಕೆ ಇಳಿದಿದೆ. ವಿಜಯಪುರ ಜಿಲ್ಲೆಯ ಡೋಣಿ ನದಿಯೂ ಹೂಳು ತುಂಬಿ ಮಳೆಗಾಲದಲ್ಲಿ ಹೊಲಗಳ ಮೇಲೆ ಹರಿಯುವ ಕಷ್ಟವನ್ನು ಆ ದಂಡೆಯ ರೈತರು ಬಲ್ಲರು. ಡೋಣಿಯ ಎರೆನೆಲ ಬೆಳೆದರೆ ಓಣಿಯೆಲ್ಲ ಜೋಳವೆಂಬ ಗಾದೆಯನ್ನು ಕಟ್ಟಿದವರೂ ಅವರೇ. ಒಂದು ಎಕರೆಯ ಕೆರೆಯಲ್ಲಿ ಒಂದು ಅಡಿ ಹೂಳು ಕುಳಿತರೆ ಕಳೆದುಹೋದದ್ದು ಹನ್ನೆರಡು ಲಕ್ಷ ಲೀಟರಿಗೂ ಮಿಕ್ಕ ನೀರು. ಏತದ ನೀರಾವರಿಯಿಂದ ಕೆರೆಗಳನ್ನು ತುಂಬಿಸುವ ಕೆಲಸ ಈ ಜಿಲ್ಲೆಯಲ್ಲಿ 2010ರ ನಂತರದ ವರ್ಷಗಳಲ್ಲಿ ಬಹಳ ನಡೆದಿದೆ. ಎತ್ತಿ ತಂದ ನೀರಿನ ಪ್ರತಿ ಕೊಡಕ್ಕೂ ವಿದ್ಯುತ್ತಿನ ಬೆಲೆ ಇರುವಾಗ, ಅದನ್ನು ಸುರಿಯುವ ಪಾತ್ರೆ ಎಷ್ಟು ಆಳವೆಂಬುದನ್ನು ತಿಳಿಯುವುದು ಬೇಡವೆ?

ಹಿಂದೆ ಈ ಅಳತೆಗೆ ದೋಣಿಯಲ್ಲಿ ಕುಳಿತು ಗಳುವನ್ನೋ ಗುಂಡು ಕಟ್ಟಿದ ಹಗ್ಗವನ್ನೋ ಇಳಿಬಿಡುತ್ತಿದ್ದರು. ಇಂದು ರೇಡಿಯೋ ನಿಯಂತ್ರಣದ ಸಣ್ಣ ಜೋಡುದೋಣಿಯ ನಡುವೆ ಶಬ್ದಮಾಪಕವನ್ನು ಕಟ್ಟಿ ಕೆರೆಯ ಮೇಲೆ ಸಾಲು ಸಾಲಾಗಿ ನಡೆಸುತ್ತಾರೆ. ಸಿಹಿನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1480 ಮೀಟರು ಓಡುತ್ತದೆ. ಮೂರು ಮೀಟರು ಆಳಕ್ಕೆ ಹೋಗಿ ಮರಳಲು ನಾಲ್ಕು ಮಿಲಿಸೆಕೆಂಡು ಸಾಕು. ಉಪಗ್ರಹಗಳ ನೆರವಿನಿಂದ ದೋಣಿ ಇರುವ ಸ್ಥಳವೂ ದಾಖಲಾಗುತ್ತದೆ. ಹೊಲವನ್ನು ಉತ್ತಂತೆ ನೀರನ್ನು ಉತ್ತು ಮುಗಿಸಿದಾಗ ಕೆರೆಯ ತಳದ ನಕ್ಷೆ ಕೈಗೆ ಬರುತ್ತದೆ. ಅಳತೆಯ ದೋಣಿ ಪಂದ್ಯದ ದೋಣಿಗೆ ಒಡಹುಟ್ಟಿದ್ದು. ಸ್ವಭಾವ ಮಾತ್ರ ಬೇರೆ. ಒಂದಕ್ಕೆ ಮೂರು ನಿಮಿಷಗಳ ರಭಸ ಬೇಕು, ಇನ್ನೊಂದಕ್ಕೆ ಮೂರು ಗಂಟೆಗಳ ತಾಳ್ಮೆ ಬೇಕು. ಒಡಲು ಕಟ್ಟುವ ಕೈ, ತೂಕವಿಡುವ ಕಣ್ಣು, ಬ್ಯಾಟರಿಯ ಲೆಕ್ಕ ಇವು ಎರಡಕ್ಕೂ ಒಂದೇ.

ತೊರವಿಯ ಬಳಿಯಲ್ಲಿ ಇಂದು ಅಕ್ಕಮಹಾದೇವಿಯ ಹೆಸರಿನ ಮಹಿಳಾ ವಿಶ್ವವಿದ್ಯಾಲಯದ ಆವರಣವಿದೆ. ವಿಜಯಪುರದಲ್ಲಿ ತಾಂತ್ರಿಕ ವಿದ್ಯಾಲಯಗಳಿವೆ. ಸುತ್ತಲೂ ಭೂತನಾಳ, ಬೇಗಂ ತಾಲಾಬುಗಳಂತಹ ಕೆರೆಗಳಿವೆ. ಕುಡಿಯುವ ನೀರಿನ ಕೆರೆಗೆ ಇಳಿಯುವ ಮುನ್ನ ಅದರ ಪಾಲಕರ ಅನುಮತಿ ಬೇಕು; ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಮೋಟಾರಿನ ಗದ್ದಲವೂ ಬೇಡ. ಈ ಮರ್ಯಾದೆಗಳನ್ನು ಪಾಲಿಸಿ ಒಬ್ಬ ವಿದ್ಯಾರ್ಥಿನಿ ಜೋಡುದೋಣಿಯೊಂದನ್ನು ಕಟ್ಟಿದಳೆಂದರೆ, ಮೊದಲ ವರ್ಷ ಅದನ್ನು ಪಂದ್ಯಕ್ಕೆ ಓಡಿಸಲಿ, ಮಗುಚಲಿ, ಮತ್ತೆ ಕಟ್ಟಲಿ. ಎರಡನೆಯ ವರ್ಷ ಅದೇ ಕೈಯಿಂದ ತನ್ನ ಊರ ಕೆರೆಯ ಆಳವನ್ನು ಅಳೆಯಲಿ. ನಾಲ್ಕು ಶತಮಾನಗಳ ಹಿಂದೆ ಸುರಂಗಕ್ಕೆ ಕಂಡಿ ತೋಡಿದವರು ಹೂಳು ಬಂದೇ ಬರುವುದೆಂದು ಎಣಿಸಿ, ಅದನ್ನು ತೆಗೆಯುವ ದಾರಿಯನ್ನೂ ಇಟ್ಟಿದ್ದರು. ಹೂಳನ್ನು ತೆಗೆಯಬೇಕಾದರೆ ಅದು ಎಷ್ಟಿದೆಯೆಂದು ಮೊದಲು ತಿಳಿಯಬೇಕು.